ಫ್ರಿಜ್‌ನ ಭಾರ ಯಾರ ಹೆಗಲಿಗೆ?

ದೊಡ್ಡ ಫ್ರಿಜ್ ಎಂದರೆ ಇಲ್ಲಿ ಐನೂರು ಲೀಟರಿಗೂ ಮಿಕ್ಕಿದ, ಎರಡು ಬಾಗಿಲು ಅಕ್ಕಪಕ್ಕ ತೆರೆಯುವ, ಒಂದು ಮಗ್ಗುಲು ಪೂರ್ತಿ ಫ್ರೀಜರ್ ಆಗಿರುವ ಯಂತ್ರ. ಅಗಲ ಸುಮಾರು 91 ಸೆಂ.ಮೀ., ಎತ್ತರ 178ರ ಆಸುಪಾಸು, ತೂಕ ನೂರು ಕೆ.ಜಿ.ಗೆ ತುಸು ಆಚೆ ಈಚೆ. ಇದನ್ನು ಕೊಳ್ಳುವುದು ಸುಲಭ, ಮನೆಯೊಳಗೆ ಕೂರಿಸುವುದು ಕಷ್ಟ. ಆದರೆ ತಂತ್ರಜ್ಞಾನದ ಬಗ್ಗೆ ಬರೆದ ತತ್ವಜ್ಞಾನಿಗಳು ಈ ಕೂರಿಸುವ ಘಟ್ಟದ ಕಡೆ ಕಣ್ಣು ಹಾಯಿಸಿದ್ದು ಕಡಿಮೆ. ಅವರ ಬರಹದಲ್ಲಿ ಯಂತ್ರ ಆಗಲೇ ತನ್ನ ಜಾಗದಲ್ಲಿ ನಿಂತಿರುತ್ತದೆ, ಪ್ಲಗ್ ಹಾಕಿಯಾಗಿರುತ್ತದೆ, ವಿಚಾರ ಅಲ್ಲಿಂದ ಶುರುವಾಗುತ್ತದೆ.

ಗಾಂಧಿವಾದಿಗಳ ಸರಳ ಜೀವನ, ಮಾರ್ಕ್ಸ್‌ವಾದಿಗಳ ಸರಕಿನ ಮೋಹ, ಫ್ರಿಜ್‌ಗೂ ಒಂದು ದಿಕ್ಕು ಗೊತ್ತುಮಾಡುವ ವಾಸ್ತುಶಾಸ್ತ್ರ ಈ ವಿಷಯದಲ್ಲಿ ಏನು ಹೇಳುತ್ತವೆ ಎಂಬುದು ಕೇಳುವ ಮೊದಲೇ ಗೊತ್ತು, ಅವನ್ನು ಬದಿಗಿಡಬಹುದು. ಬದಿಗಿಡಲು ಬಾರದವನು ಆಲ್ಬರ್ಟ್ ಬೋರ್ಗ್‌ಮನ್. ಜರ್ಮನಿಯ ಫ್ರೈಬರ್ಗ್‌ನಲ್ಲಿ 1937ರಲ್ಲಿ ಹುಟ್ಟಿ, ಅಮೆರಿಕದ ಮೊಂಟಾನಾ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಪಾಠ ಹೇಳಿ, 2023ರಲ್ಲಿ ತೀರಿಕೊಂಡ ಈ ಚಿಂತಕ 1984ರ ‘ಟೆಕ್ನಾಲಜಿ ಅಂಡ್ ದ ಕ್ಯಾರೆಕ್ಟರ್ ಆಫ್ ಕಂಟೆಂಪರರಿ ಲೈಫ್’ ಎಂಬ ಗ್ರಂಥದಲ್ಲಿ ಒಂದು ವಾದ ಮಂಡಿಸಿದ. ಹಳೆಯ ಕಾಲದ ಒಲೆ ಬರಿಯ ಶಾಖ ಕೊಡುತ್ತಿರಲಿಲ್ಲ. ಅಪ್ಪ ಸೌದೆ ಕಡಿಯುತ್ತಿದ್ದ, ಮಕ್ಕಳು ತಂದು ತುಂಬುತ್ತಿದ್ದರು, ತಾಯಿ ಬೆಂಕಿ ಹೊತ್ತಿಸುತ್ತಿದ್ದಳು. ಒಲೆಯ ಸುತ್ತ ಒಂದು ಮನೆತನವೇ ಕಟ್ಟಿಕೊಂಡಿತ್ತು. ಮನೆಯನ್ನೆಲ್ಲ ಬೆಚ್ಚಗಿಡುವ ಯಂತ್ರ ಬಂದಮೇಲೆ ಶಾಖ ಒಂದೇ ಉಳಿಯಿತು. ಆಧುನಿಕ ಸಾಧನ ಬೇಕಾದ್ದನ್ನು ತಕ್ಷಣ, ಶ್ರಮವಿಲ್ಲದೆ, ಅಪಾಯವಿಲ್ಲದೆ ಒದಗಿಸುತ್ತದೆ. ಅದನ್ನು ಒದಗಿಸುವ ಯಂತ್ರ ಮರೆಗೆ ಸರಿಯುತ್ತದೆ. ಬಳಸುವವನ ಹೆಗಲು ಹಗುರಾಗುತ್ತದೆ, ಕೈಯೂ ಬರಿದಾಗುತ್ತದೆ. ಇದು ಅವನ ತಕರಾರು.

ಮೇಲ್ನೋಟಕ್ಕೆ ಫ್ರಿಜ್ ಈ ವಾದಕ್ಕೆ ಹೇಳಿ ಮಾಡಿಸಿದ ಉದಾಹರಣೆ. ನೆಲುವಿನ ಮೇಲೆ ಬೆಣ್ಣೆಯ ಗಡಿಗೆ ತೂಗುಹಾಕುವುದು, ಬೇಸಿಗೆಯಲ್ಲಿ ಹಾಲನ್ನು ಮತ್ತೆ ಮತ್ತೆ ಕಾಯಿಸುವುದು, ಮರಳಿನ ಮೇಲೆ ನೀರಿನ ಮಡಕೆ ಕೂರಿಸುವುದು, ಈ ಎಲ್ಲ ಕೆಲಸ ಒಂದು ಬಿಳಿ ಪೆಟ್ಟಿಗೆಯೊಳಗೆ ಕರಗಿಹೋಯಿತು. ಉಳಿದದ್ದು ತಂಪು ಮಾತ್ರ. ಅಂಗಡಿಯ ಸೇಲ್ಸ್‌ಮನ್ ಬೋರ್ಗ್‌ಮನ್‌ನನ್ನು ಓದಿರುವುದಿಲ್ಲ, ಆದರೂ ಅವನು ಹೇಳುವುದು ಇದನ್ನೇ: ‘ಏನೂ ತಲೆಬಿಸಿ ಇಲ್ಲ ಸಾರ್, ಪ್ಲಗ್ ಹಾಕಿದ್ರೆ ಆಯ್ತು.’ ತತ್ವಜ್ಞಾನಿ ದೂರಾಗಿ ಹೇಳಿದ್ದನ್ನು ಮಾರುವವನು ಹೆಗ್ಗಳಿಕೆಯಾಗಿ ಹೇಳುತ್ತಾನೆ. ಇಬ್ಬರೂ ಪ್ಲಗ್‌ನಿಂದಲೇ ಆರಂಭಿಸುತ್ತಾರೆ ಎಂಬುದೇ ಕಿರಿಕಿರಿಯ ಮೂಲ.

ಪ್ಲಗ್‌ಗೆ ಮೊದಲು ಏನಾಗುತ್ತದೆ ಎಂಬುದಕ್ಕೆ ಈ ಲೇಖಕರ ಮನೆಯನ್ನೇ ತೆಗೆದುಕೊಳ್ಳಬಹುದು. ಬೆಂಗಳೂರಿನ ಹಳೆಯ ಬಡಾವಣೆಯೊಂದರ ಅಪಾರ್ಟ್‌ಮೆಂಟು, ಮೂರನೇ ಮಹಡಿ. ಲಿಫ್ಟ್ ಇದೆ, ಒಳಗಿನ ಫಲಕದ ಮೇಲೆ ‘6 ಜನ, 408 ಕೆ.ಜಿ.’ ಎಂದಿದೆ. ಭಾರತದಲ್ಲಿ ಲಿಫ್ಟಿನ ಲೆಕ್ಕ ತಲೆಗೆ 68 ಕೆ.ಜಿ. ಹಾಗಾಗಿ ಫ್ರಿಜ್ ಮತ್ತು ಇಬ್ಬರು ಹಮಾಲರನ್ನು ಒಟ್ಟಿಗೆ ಎತ್ತಲು ಆ ಲಿಫ್ಟಿಗೆ ಏನೂ ಕಷ್ಟವಿಲ್ಲ. ಆದರೆ ಅದರ ಬಾಗಿಲು ತೆರೆದುಕೊಳ್ಳುವುದು 70 ಸೆಂ.ಮೀ. ಮಾತ್ರ, ಹಿಡಿಕೆ ಸೇರಿ ಫ್ರಿಜ್‌ನ ಆಳ 73 ಸೆಂ.ಮೀ. ಶಕ್ತಿ ಇತ್ತು, ಬಾಯಿ ಸಾಲಲಿಲ್ಲ.

ಇಂಥ ಫ್ರಿಜ್‌ಗಳ ಬಾಗಿಲನ್ನು ಬಿಚ್ಚಿ ಬೇರೆ ಮಾಡಬಹುದು. ತಯಾರಕರು ಅದನ್ನು ಯೋಚಿಸಿಯೇ ಕಟ್ಟಿರುತ್ತಾರೆ. ಮೇಲಿನ ಕೀಲಿನ ಮುಚ್ಚಳ ತೆಗೆದರೆ ವೈರಿನ ಕನೆಕ್ಟರ್ ಸಿಗುತ್ತದೆ, ನೀರಿನ ಪೈಪಿದ್ದರೆ ಅದರ ಜೋಡಣೆ ಸಿಗುತ್ತದೆ. ಅವನ್ನು ಬಿಡಿಸಿ, ಕೀಲಿನ ಬೋಲ್ಟು ಸಡಿಲಿಸಿ, ಬಾಗಿಲನ್ನು ಮೇಲಕ್ಕೆತ್ತಿದರೆ ಕೈಗೆ ಬರುತ್ತದೆ. ಎರಡೂ ಬಾಗಿಲು ತೆಗೆದ ಮೇಲೆ ಉಳಿದ ಪೆಟ್ಟಿಗೆ ಆ ಲಿಫ್ಟಿನೊಳಗೆ ಆರಾಮವಾಗಿ ಹೋಗುತ್ತದೆ. ಆದರೆ ಬಾಗಿಲು ಬಿಚ್ಚುವುದು ಕಂಪನಿಯ ಟೆಕ್ನಿಶಿಯನ್‌ನ ಕೆಲಸ. ಅವನು ಬರುವುದು ಫ್ರಿಜ್ ‘ಡೆಲಿವರಿ ಆದ’ ಮೇಲೆ. ಡೆಲಿವರಿ ಆಗುವುದು ಮೂರನೇ ಮಹಡಿ ಮುಟ್ಟಿದ ಮೇಲೆ. ಅಂಗಡಿಯವರು ಹೇಳಿದ್ದು, ‘ಇನ್‌ಸ್ಟಾಲೇಶನ್ ನಮ್ಮದಲ್ಲ, ಕಂಪನಿಯವರದ್ದು’. ಲಾರಿಯಲ್ಲಿ ತಂದವರು ಹೇಳಿದ್ದು, ‘ನಾವು ಸ್ಕ್ರೂ ಮುಟ್ಟಂಗಿಲ್ಲ ಅಣ್ಣ, ಆಮೇಲೆ ನಮ್ ತಲೆಗೆ ಬರುತ್ತೆ’. ಹೆಲ್ಪ್‌ಲೈನ್‌ನವರು ಹೇಳಿದ್ದು, ಇಪ್ಪತ್ತನಾಲ್ಕರಿಂದ ನಲವತ್ತೆಂಟು ಗಂಟೆಯೊಳಗೆ ಜನ ಬರುತ್ತಾರೆ ಎಂದು. ಎಲ್ಲರೂ ತಮ್ಮ ಕರಾರಿನ ಮಟ್ಟಿಗೆ ಸರಿ. ಆ ಸರಿಗಳ ನಡುವೆ ಫ್ರಿಜ್ ಪಾರ್ಕಿಂಗ್ ಜಾಗದಲ್ಲಿ ನಿಂತಿತ್ತು.

ಇಲ್ಲಿ ಬೋರ್ಗ್‌ಮನ್‌ಗೆ ಮೊದಲ ಆಕ್ಷೇಪ. ಯಂತ್ರ ಮರೆಗೆ ಸರಿಯುತ್ತದೆ ಎನ್ನುತ್ತಾನೆ ಅವನು. ಫ್ರಿಜ್ ಮನೆಗೆ ಬರುವ ದಿನ ಮರೆಯಾಗಿದ್ದೆಲ್ಲ ಹೊರಗೆ ಬರುತ್ತದೆ. ಅಡುಗೆಮನೆಯ ಬಾಗಿಲಿನ ಚೌಕಟ್ಟು ಎಷ್ಟು ದಪ್ಪ, ಗೋಡೆಗೆ ತಾಗಿಸಿ ನಿಲ್ಲಿಸಿದರೆ ಫ್ರಿಜ್‌ನ ಬಾಗಿಲು ಪೂರ್ತಿ ತೆರೆದು ಒಳಗಿನ ಡ್ರಾಯರ್ ಈಚೆ ಬರುತ್ತದೆಯೇ, ಗ್ರಾನೈಟ್ ಕಟ್ಟೆಯ ಪಕ್ಕದ ಸಾಕೆಟ್‌ಗೆ ಅರ್ಥಿಂಗ್ ಇದೆಯೇ, ಇಂಥ ಯಾವುದನ್ನೂ ಕೇಳದೆ ವರ್ಷಗಟ್ಟಲೆ ಬದುಕಿದ ಮನೆ ಅಂದು ಒಂದೊಂದಕ್ಕೂ ಉತ್ತರ ಕೊಡಬೇಕಾಗುತ್ತದೆ. ಕಂಪ್ರೆಸರ್ ಕೂಡ ಸುಮ್ಮನಿರುವುದಿಲ್ಲ. ಸಾಗಿಸುವಾಗ ಫ್ರಿಜ್ ಮಲಗಿದ್ದರೆ ಕಂಪ್ರೆಸರಿನ ಎಣ್ಣೆ ಕೊಳವೆಗಳಿಗೆ ಹರಿದಿರುತ್ತದೆ. ನೆಟ್ಟಗೆ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಚಾಲೂ ಮಾಡಬೇಕು. ಪ್ಲಗ್ ಹಾಕಿದರೆ ಆಯ್ತು ಎಂದವರ ಮಾತು ಅಲ್ಲಿಗೆ ಸುಳ್ಳಾಯಿತು.

ಬೋರ್ಗ್‌ಮನ್‌ನ ಪರವಾಗಿ ಇದಕ್ಕೆ ಉತ್ತರ ಕೊಡುವುದು ಕಷ್ಟವಲ್ಲ, ಕೊಡಲೇಬೇಕು. ಇದು ಹೊಸ್ತಿಲಿನ ಗದ್ದಲ, ಒಂದೆರಡು ದಿನದ್ದು. ಸಾಧನದ ಸ್ವಭಾವ ತಿಳಿಯಬೇಕಾದರೆ ಅದರ ಜೊತೆ ಕಳೆಯುವ ಹತ್ತು ಹದಿನೈದು ವರ್ಷ ನೋಡಬೇಕು ಎಂದು ಅವನು ಹೇಳಬಹುದಿತ್ತು. ಆ ಮಾತಿನಲ್ಲಿ ಹುರುಳಿದೆ. ಈ ಲೇಖಕರ ಮನೆಯಲ್ಲೇ ಫ್ರಿಜ್ ಕೂತ ಮುಂದಿನ ವಾರಕ್ಕೆ ಲಿಫ್ಟಿನ ಅಳತೆ ಯಾರ ತಲೆಯಲ್ಲೂ ಇರಲಿಲ್ಲ. ಫ್ರಿಜ್‌ನ ಹಿಂಭಾಗದ ಪಟ್ಟಿಯಲ್ಲಿ ‘ಆರ್600ಎ’ ಎಂದು ಬರೆದಿದೆ. ಅದು ಐಸೋಬ್ಯೂಟೇನ್, ಬೆಂಕಿ ಹತ್ತುವ ಅನಿಲ, ಒಳಗಿರುವುದು ಹತ್ತಾರು ಗ್ರಾಂ ಮಾತ್ರ. ಓಜೋನ್ ಪದರಕ್ಕೆ ಕುತ್ತು ತಂದ ಹಳೆಯ ಅನಿಲಗಳನ್ನು 1987ರ ಮಾಂಟ್ರಿಯಲ್ ಒಪ್ಪಂದ ಹೊರಗೆ ಹಾಕಿದ ಚರಿತ್ರೆ ಆ ಪುಟ್ಟ ಅಕ್ಷರಗಳ ಹಿಂದಿದೆ. ಅದು ಈಗ ಗೋಡೆಯ ಕಡೆ ಮುಖ ಮಾಡಿ ನಿಂತಿದೆ. ಮರೆಯ ವಿಷಯದಲ್ಲಿ ಬೋರ್ಗ್‌ಮನ್ ಗೆದ್ದ ಎಂದೇ ಒಪ್ಪಬೇಕು.

ಆದರೆ ಭಾರದ ವಿಷಯದಲ್ಲಿ? ಹೆಗಲು ಹಗುರಾಗುತ್ತದೆ ಎಂದಾಗ ಯಾರ ಹೆಗಲು ಎಂದು ಕೇಳಬೇಕಾಗುತ್ತದೆ. ಲಿಫ್ಟ್ ಬಾಯಿ ಮುಚ್ಚಿದ ಮೇಲೆ ಫ್ರಿಜ್ ಮೆಟ್ಟಿಲು ಹತ್ತಿತು. ಹೊತ್ತವರು ನಾಲ್ವರು, ಇಬ್ಬರು ರಾಯಚೂರು ಕಡೆಯವರು, ಇನ್ನಿಬ್ಬರು ಹಿಂದಿಯಲ್ಲಿ ಮಾತಾಡುತ್ತಿದ್ದರು. ಅಗಲವಾದ ಎರಡು ಪಟ್ಟಿಗಳನ್ನು ಕೆಳಗಿನಿಂದ ಹಾಯಿಸಿ ಹೆಗಲಿಗೆ ಸಿಕ್ಕಿಸಿಕೊಂಡರು. ಕೆಳಗಿನವನಿಗೆ ಮುಂದೆ ಏನೂ ಕಾಣಿಸುವುದಿಲ್ಲ, ಮೇಲಿನವನು ಹಿಂದುಹಿಂದಕ್ಕೆ ಹತ್ತುತ್ತಾನೆ. ತಿರುವಿನಲ್ಲಿ ಫ್ರಿಜ್‌ನ ಕೆಳತುದಿಯನ್ನು ಮೆಟ್ಟಿಲಿನ ಅಂಚಿಗೆ ಆನಿಸಿ, ತಲೆಯ ಭಾಗವನ್ನು ಕಟಕಟೆಯ ಮೇಲಿನಿಂದ ಆಚೆ ವಾಲಿಸಿ, ಒಂದೇ ಉಸಿರಿನಲ್ಲಿ ತಿರುಗಿಸಬೇಕು. ‘ಬಿಡಬ್ಯಾಡ, ಬಿಡಬ್ಯಾಡ, ಈಗ ಎತ್ತು’ ಎಂಬ ಮಾತು ಭಾಷೆ ಬಾರದವನಿಗೂ ತಿಳಿಯುತ್ತಿತ್ತು. ಗೋಡೆಯ ಸುಣ್ಣ ಒಂದು ಕಡೆ ಕೆರೆದುಹೋಯಿತು. ಫ್ರಿಜ್‌ಗೆ ಗೀರು ಬೀಳಲಿಲ್ಲ. ಮನೆಯವರು ಒಂದು ಮಹಡಿ ಮೇಲೆ ನಿಂತು ‘ಹುಷಾರು’ ಎನ್ನುತ್ತಿದ್ದರು, ಅದರಿಂದ ಯಾರಿಗೂ ಉಪಕಾರವಾಗಲಿಲ್ಲ.

ಬೋರ್ಗ್‌ಮನ್ ಒಲೆಯ ಸುತ್ತ ಕಂಡದ್ದೆಲ್ಲ ಆ ಮೆಟ್ಟಿಲಿನ ಮೇಲಿತ್ತು: ಮೈಗೆ ಹತ್ತಿದ ಕೌಶಲ, ಒಬ್ಬರ ಹೆಜ್ಜೆಗೆ ಒಬ್ಬರ ಹೆಜ್ಜೆ ಕೂಡುವುದು, ವಸ್ತುವಿನ ಮೇಲೆ ಇಡೀ ಗಮನ. ಹಾಗಿದ್ದರೆ ಸಾಧನ ಇಂಥ ಬದುಕನ್ನು ಅಳಿಸಿಹಾಕಲಿಲ್ಲ, ಮನೆಯಿಂದ ತೆಗೆದು ಮೆಟ್ಟಿಲಿಗೆ ಸಾಗಿಸಿತು ಎನ್ನಬಹುದು. ಇಷ್ಟು ಬರೆದು ನಿಲ್ಲಿಸಿದರೆ ವಾದ ಚೆಂದ ಕಾಣುತ್ತದೆ, ಆದರೆ ಅಪ್ರಾಮಾಣಿಕವಾಗುತ್ತದೆ. ಆ ನಾಲ್ವರನ್ನು ಕೇಳಿದರೆ ಕೌಶಲದ ಮಾತು ಆಡುವುದಿಲ್ಲ, ಲಿಫ್ಟಿನ ಬಾಗಿಲು ಇನ್ನು ನಾಲ್ಕು ಬೆರಳು ಅಗಲ ಇರಬೇಕಿತ್ತು ಎನ್ನುತ್ತಾರೆ. ಬೇರೆಯವರ ಬೆವರಿನಲ್ಲಿ ಅರ್ಥ ಹುಡುಕುವುದು ಓದಿದವರ ಹಳೆಯ ಚಾಳಿ. ಸೌದೆ ಕಡಿಯುವ ಅಪ್ಪನ ಚಿತ್ರ ಬರೆದ ಬೋರ್ಗ್‌ಮನ್‌ಗೂ ಅದರ ಸೋಂಕಿದೆ. ಸಾಧನಗಳ ಹಿಂದಿನ ದುಡಿಮೆ ಸತ್ವ ಕಳೆದುಕೊಳ್ಳುತ್ತದೆ ಎಂದು ಅವನೂ ಬರೆದಿದ್ದಾನೆ, ಅಷ್ಟರ ಮಟ್ಟಿಗೆ ಅವನು ಕುರುಡನಲ್ಲ. ಆದರೆ ಅದನ್ನು ಸಾಧನವೆಂಬುದರ ಸ್ವಭಾವಕ್ಕೇ ಅಂಟಿಸಿಬಿಡುತ್ತಾನೆ.

ಸ್ವಭಾವ ಎಂಬುದು ಎಷ್ಟು ಗಟ್ಟಿ? ಇಲ್ಲಿ ತಂತ್ರಜ್ಞಾನದ ಚರಿತ್ರೆ ಬರೆದ ರೂತ್ ಶ್ವಾರ್ಟ್ಜ್ ಕೋವನ್ ನೆರವಿಗೆ ಬರುತ್ತಾಳೆ. ಫ್ರಿಜ್‌ಗೆ ಗುಂಯ್‌ಗುಡುವ ಸದ್ದು ಹೇಗೆ ಬಂತು ಎಂದು ಕೇಳುವ ಅವಳ ಪ್ರಬಂಧ 1985ರದ್ದು. ಕಂಪ್ರೆಸರ್ ಇಲ್ಲದ, ಗ್ಯಾಸಿನ ಜ್ವಾಲೆಯಿಂದ ತಂಪು ಮಾಡುವ ಫ್ರಿಜ್ ಒಂದಿತ್ತು. ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಫಾನ್ ಪ್ಲಾಟೆನ್ ಮತ್ತು ಮುಂಟರ್ಸ್, 1922ರಲ್ಲಿ ಅದನ್ನು ರೂಪಿಸಿದರು. ತಿರುಗುವ ಭಾಗವೇ ಇಲ್ಲ, ಆದ್ದರಿಂದ ಸದ್ದಿಲ್ಲ. ಅಮೆರಿಕದಲ್ಲಿ ಸರ್ವೆಲ್ ಕಂಪನಿ ಅಂಥದ್ದನ್ನು ಮಾರುತ್ತಲೂ ಇತ್ತು. ಕಂಪ್ರೆಸರಿನ ಫ್ರಿಜ್ ಗೆದ್ದದ್ದು ಯಂತ್ರವಾಗಿ ಅದೇ ಮೇಲು ಎಂಬ ಕಾರಣಕ್ಕಲ್ಲ. ಅದರ ಬೆನ್ನಿಗೆ ದೊಡ್ಡ ವಿದ್ಯುತ್ ಕಂಪನಿಗಳ ಹಣ, ಸಂಶೋಧನೆ, ಜಾಹೀರಾತು ನಿಂತಿದ್ದವು ಎಂಬುದು ಕೋವನ್ ವಾದ. ಫ್ರಿಜ್ ಹೇಗಿರಬೇಕು ಎಂಬುದನ್ನು ಕೂಡ ಯಾರೋ ಎಲ್ಲೋ ಕೂತು ತೀರ್ಮಾನಿಸಿದ್ದರು. ಮೆಟ್ಟಿಲಿನ ವಿಷಯವೂ ಅದೇ ಜಾತಿಯದು. ಬಾಗಿಲು ಬಿಚ್ಚಲು ಬರುವಂತೆ ಯಂತ್ರವನ್ನು ಮಾಡಿತ್ತು; ಅದನ್ನು ನೆಲಮಹಡಿಯಲ್ಲೇ ಬಿಚ್ಚುವಂತೆ ಕರಾರನ್ನು ಮಾಡಿರಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮುಖ್ಯವಾಗಿ ನೋಡುವುದು ಸರಕಿನಲ್ಲಿ ದೋಷವಿದೆಯೇ, ಸೇವೆಯಲ್ಲಿ ಕೊರತೆಯಿದೆಯೇ ಎಂದು. ಇಲ್ಲಿ ಸರಕು ನಿರ್ದೋಷಿ, ಪ್ರತಿ ಸೇವೆಯೂ ತನ್ನ ಗೆರೆಯೊಳಗೆ ಪೂರ್ತಿ. ಎರಡು ಗೆರೆಗಳ ನಡುವಿನ ಭಾರ ನಾಲ್ಕು ಜನರ ಬೆನ್ನಿನ ಮೇಲೆ ಹೋಯಿತು, ಅದಕ್ಕೆ ಹೆಸರಿಲ್ಲ.

ಹಾಗಾದರೆ ಬೋರ್ಗ್‌ಮನ್ ಸೋತನೇ? ಇಲ್ಲೊಂದು ತೊಡಕಿದೆ, ಅದು ಫ್ರೀಜರಿನೊಳಗಿದೆ. ಹಳೆಯ ಸಿಂಗಲ್ ಡೋರ್ ಫ್ರಿಜ್‌ನಲ್ಲಿ ಐಸ್ ಟ್ರೇ ಬಿಟ್ಟರೆ ಇನ್ನೇನಕ್ಕೂ ಜಾಗವಿರಲಿಲ್ಲ. ದೊಡ್ಡ ಫ್ರೀಜರ್ ಬಂದ ವರ್ಷ ಡಿಸೆಂಬರಿನಲ್ಲಿ ಮನೆಗೆ ಅವರೆಕಾಯಿ ಮೂಟೆಗಟ್ಟಲೆ ಬಂತು. ಸೊಗಡಿನ ಕಾಯಿ ಸುಲಿದು, ಕಾಳು ನೆನೆಸಿ, ಒಂದೊಂದನ್ನೂ ಹೆಬ್ಬೆರಳಿನಲ್ಲಿ ಹಿತಕಿ, ಸಿಪ್ಪೆ ಬೇರೆ ಮಾಡಿ, ಪೊಟ್ಟಣ ಕಟ್ಟಿ ಫ್ರೀಜರಿಗೆ ಹಾಕಿದರೆ ಹಿತಕಿದ ಬೇಳೆ ಸಾರು ಯುಗಾದಿ ದಾಟಿಯೂ ಸಿಗುತ್ತದೆ. ಸಂಜೆಗಳಲ್ಲಿ ನಡುಮನೆಯಲ್ಲಿ ಹಳೆಯ ಪೇಪರು ಹಾಸಿ ಅಜ್ಜಿ, ಸೊಸೆ, ಮೊಮ್ಮಕ್ಕಳು ಕೂತರು. ಫ್ರೀಜರ್ ಇಲ್ಲದ ಕಾಲದಲ್ಲಿ ಆ ಮನೆಯಲ್ಲಿ ಇಷ್ಟು ಅವರೆ ಹಿತಕಿದ್ದೇ ಇಲ್ಲ. ಬೋರ್ಗ್‌ಮನ್ ಸಾಧನದಿಂದ ಆಗದು ಎಂದದ್ದನ್ನು, ಅಂದರೆ ಒಂದು ಕೆಲಸದ ಸುತ್ತ ಮನೆಮಂದಿ ಕೂಡುವುದನ್ನು, ಈ ಸಾಧನವೇ ಹುಟ್ಟಿಸಿತು.

ಕೋವನ್ ಇಲ್ಲಿ ಕೆಮ್ಮುತ್ತಾಳೆ. ಮನೆಬಳಕೆಯ ಯಂತ್ರಗಳು ಹೆಂಗಸಿನ ಕೆಲಸವನ್ನು ಕಡಿಮೆ ಮಾಡಲಿಲ್ಲ ಎಂಬುದು ಅವಳ 1983ರ ‘ಮೋರ್ ವರ್ಕ್ ಫಾರ್ ಮದರ್’ ಗ್ರಂಥದ ಸಾರ. ಹಿತಕಲು ಕೂತವರಲ್ಲಿ ಮೊಮ್ಮಕ್ಕಳು ಅರ್ಧ ಗಂಟೆಗೆ ಎದ್ದರು, ಗಂಡಸರು ಕೂತದ್ದು ಚೆಂದಕ್ಕೆ. ಕೊನೆಯ ಬಟ್ಟಲು ಮುಗಿಸಿದ ಬೆರಳುಗಳು ಯಾರವೆಂದು ಹೇಳಬೇಕಿಲ್ಲ. ವಾರಕ್ಕಾಗುವಷ್ಟು ದೋಸೆ ಹಿಟ್ಟು ಒಮ್ಮೆಲೇ ರುಬ್ಬಿಡಬಹುದು ಎಂದಾದ ಮೇಲೆ ಹೊತ್ತಲ್ಲದ ಹೊತ್ತಿಗೆ ದೋಸೆ ಕೇಳುವವರೂ ಹುಟ್ಟಿಕೊಂಡರು. ಇತ್ತ ಅಜ್ಜಿಯನ್ನು ಕೇಳಿದರೆ ಅವರು ಕೋವನ್ ಪಕ್ಷ ವಹಿಸುವುದಿಲ್ಲ. ಹಾಲು ಒಡೆದೀತೆಂದು ಬೇಸಿಗೆಯ ಮಧ್ಯಾಹ್ನ ನಿದ್ದೆಗೆಟ್ಟದ್ದು ಅವರಿಗೆ ನೆನಪಿದೆ. ಅವರೆ ಹಿತಕುವುದು ಕೆಲಸವಲ್ಲ, ಮಾತಾಡಲು ಒಂದು ನೆಪ ಎನ್ನುತ್ತಾರೆ. ಸೊಸೆಗೆ ಆ ಅಭಿಪ್ರಾಯವಿಲ್ಲ.

ಒಂದೇ ಕೆಲಸ ಒಬ್ಬರಿಗೆ ಕೂಟ, ಇನ್ನೊಬ್ಬರಿಗೆ ಹೊರೆ ಎಂದಾದಮೇಲೆ ಸಾಧನವನ್ನು ಮಾತ್ರ ನೋಡಿ ತೀರ್ಪು ಕೊಡಲಾಗದು. ಮಾಡುವವರಿಗೆ ‘ಒಲ್ಲೆ’ ಎನ್ನುವ ದಾರಿ ಇತ್ತೇ ಎಂಬುದನ್ನು ನೋಡಬೇಕು ಎನ್ನಬಹುದು. ಆದರೆ ಈ ಒರೆಗಲ್ಲೂ ಪೂರ್ತಿ ನಂಬಿಕಸ್ತವಲ್ಲ. ಹಮಾಲರು ಒಲ್ಲೆ ಎನ್ನಬಹುದಿತ್ತು, ಮಹಡಿಗೆ ಇಷ್ಟೆಂದು ದರ ಹೇಳಿ ಒಪ್ಪಿಕೊಂಡರು; ಸೊಸೆಗೆ ಯಾರೂ ದರ ಕೇಳಲಿಲ್ಲ. ಇವರಲ್ಲಿ ಯಾರ ಸ್ವಾತಂತ್ರ್ಯ ಹೆಚ್ಚಿನದು ಎಂಬುದನ್ನು ಫ್ರಿಜ್‌ನ ಚರ್ಚೆ ಬಗೆಹರಿಸುವುದಿಲ್ಲ, ಬೋರ್ಗ್‌ಮನ್‌ನೂ ಬಗೆಹರಿಸಿಲ್ಲ.

ಬಗೆಹರಿಯುವಂಥದ್ದು ಒಂದು ಮಾತ್ರ ಉಳಿಯುತ್ತದೆ. ಅಂಗಡಿಯ ಬಿಲ್ಲಿನಲ್ಲಿ ಫ್ರಿಜ್‌ನ ಬೆಲೆ, ಶೇ. 18 ಜಿಎಸ್‌ಟಿ, ಹೆಚ್ಚುವರಿ ವಾರಂಟಿ ಎಲ್ಲ ಇತ್ತು. ಮೆಟ್ಟಿಲು ಹತ್ತಿಸಿದ ಕೂಲಿ ಎಲ್ಲೂ ಇರಲಿಲ್ಲ, ಅದು ಕೈಯಿಂದ ಕೈಗೆ ಹೋಯಿತು. ದೊಡ್ಡ ಫ್ರಿಜ್ ಕೊಳ್ಳಲು ಹೊರಟವರು ಸ್ಟಾರ್, ಲೀಟರು, ಬಣ್ಣ ವಿಚಾರಿಸುವ ಮೊದಲು ಲಿಫ್ಟಿನ ಬಾಗಿಲು ಅಳೆದುಕೊಂಡು ಹೋಗಲಿ. ಹಣ ಕೊಡುವ ಮುನ್ನ ಫ್ರಿಜ್‌ನ ಬಾಗಿಲು ಬಿಚ್ಚುವವರು ಯಾರು, ಯಾವ ಮಹಡಿಯಲ್ಲಿ ಬಿಚ್ಚುತ್ತಾರೆ ಎಂದು ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಲಿ.