ಮೊಡವೆ, ಮದ್ದು, ಮಾತು

ಬಬಲೇಶ್ವರದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಿಜಯಪುರದಲ್ಲಿ ಕೋಣೆ ಹಿಡಿದು ಆನ್‌ಲೈನಿನಲ್ಲಿ ಮೊಡವೆಯ ಲೇಪ ಮಾರುತ್ತಾನೆ. ಅದರಲ್ಲಿರುವುದು ಬಿ-3 ಜೀವಸತ್ವ. "ಸರ, ಜಾಹೀರಾತಿಗೆ ಚಲೋ ನಾಕು ಸಾಲು ಬರದು ಕೊಡ್ರಿ" ಎಂದ. ಬರೆದುಕೊಟ್ಟೆ: "ಜೀವಸತ್ವವಿದು, ಭಯವೇಕೆ? ಹಚ್ಚಿ ನೋಡಿ, ಕನ್ನಡಿಯೇ ಹೇಳಲಿ." ಇದರಲ್ಲಿ ಸುಳ್ಳೆಲ್ಲಿದೆ ಎಂದು ಒಳಗೊಳಗೆ ಹಿಗ್ಗಿದೆ.

ತಿಕೋಟಾದಿಂದ ಕಾಲೇಜಿಗೆ ಬರುವ ಹುಡುಗಿಯೊಬ್ಬಳು ಊಟದ ದುಡ್ಡು ಉಳಿಸಿ ಮೂರು ಸೀಸೆ ಕೊಂಡಳು. ಮೊಡವೆ ಹೋಗಲಿಲ್ಲ. "ನೀವು ಬರದದ್ದಂತ ಕೇಳಿ ನಂಬಿದ್ನಿರಿ ಸರ" ಎಂದಳು. ಆ ದಿನ ಪಾಠ ಹೇಳಲು ನಾಲಗೆ ಏಳಲಿಲ್ಲ.

ಬಿ-3 ಲೇಪ ಕೆಲವರ ಮೊಡವೆಯನ್ನು ತುಸು ತಗ್ಗಿಸುವುದುಂಟು, ನಿಜ. ಆದರೆ ಜೀವಸತ್ವವೆಂದ ಮಾತ್ರಕ್ಕೆ ಎಲ್ಲವೂ ನಿರಪಾಯವಲ್ಲ. ಎ ಜೀವಸತ್ವದ ಕುಲದ ಐಸೊಟ್ರೆಟಿನಾಯಿನ್ ಮೊಡವೆಗೆ ಪ್ರಬಲ ಮದ್ದು. ಗರ್ಭಿಣಿ ನುಂಗಿದರೆ ಶಿಶುವಿಗೆ ಕೇಡು. 1954ರ ಔಷಧ ಜಾಹೀರಾತು ಕಾಯಿದೆಯೂ ಸುಳ್ಳನ್ನಷ್ಟೇ ಅಲ್ಲ, ತಪ್ಪು ಭಾವನೆ ಹುಟ್ಟಿಸುವುದನ್ನೂ ನಿಷೇಧಿಸುತ್ತದೆ. ಸುಳ್ಳು ನಾನು ಬರೆದ ಮಾತಿನಲ್ಲಿರಲಿಲ್ಲ, ಬಿಟ್ಟ ಮಾತಿನಲ್ಲಿತ್ತು.

ಅವನಿಗೆ ಹೇಳಿದೆ. "ಇದ್ದದ್ದು ಇದ್ದಂಗ ಬರದ್ರ ಯಾರು ತಗೋತಾರ್ರಿ? ಮನ್ಯಾಗ ಅವ್ವ ಅದಾಳ" ಎಂದ. ಅವನ ಕಷ್ಟವೂ ನಿಜವೇ. ಆದರೆ ಕೊಳ್ಳುವವರ ನಾಚಿಕೆಯೇ ಬಂಡವಾಳವಾದಾಗ, ಮಾರುವವನ ಮೌನ ನಿರ್ದೋಷಿಯಾಗಿ ಉಳಿಯದು.

ಹೊಸದಾಗಿ ಬರೆದೆ: "ಕೆಲವರಿಗೆ ಗುಣ, ಕೆಲವರಿಗೆ ಇಲ್ಲ, ಮೊಡವೆ ಹೆಚ್ಚಿದ್ದರೆ ಚರ್ಮವೈದ್ಯರನ್ನು ಕಾಣಿರಿ." ಅವನು ಅದನ್ನೇ ಹಾಕಿದ; ಗಿರಾಕಿಗಳು ಕಡಿಮೆಯಾದರು. ಹುಡುಗಿಗೆ ಸೀಸೆಗಳ ಬೆಲೆ ಕೊಟ್ಟೆ. ಅವನ ನಷ್ಟಕ್ಕೆ ಏನು ಕೊಡಲಿ? ಉತ್ತರ ಸಿಕ್ಕಿಲ್ಲ, ಮೊದಲಿನ ಸಾಲಿಗೆ ಮಾತ್ರ ಮರಳಲಾರೆ.