ನೆಲದಡಿಯ ನೀರು ಮತ್ತು ಅಚೌರ್ಯದ ಪ್ರಶ್ನೆ

ಪಕ್ಕದ ತೋಟದ ಬೇಲಿ ದಾಟಿ ನಾಲ್ಕು ತೆಂಗಿನಕಾಯಿ ಕಿತ್ತವನನ್ನು ಕಳ್ಳನೆನ್ನಲು ನಮ್ಮ ಹಳ್ಳಿಗಳು ಹಿಂದುಮುಂದು ನೋಡುವುದಿಲ್ಲ. ಪಂಚಾಯಿತಿ ಸೇರುತ್ತದೆ, ದಂಡ ಬೀಳುತ್ತದೆ, ಆ ಮನೆತನದ ಹೆಸರಿಗೆ ಕೆಲವು ಕಾಲವಾದರೂ ಮಸಿ ಅಂಟಿರುತ್ತದೆ. ಆದರೆ ಅದೇ ಬೇಲಿಯ ಮಗ್ಗುಲಲ್ಲಿ 800 ಅಡಿಯ ಕೊಳವೆಬಾವಿ ಕೊರೆಸಿದ್ದರಿಂದ ನೆರೆಯವನ 300 ಅಡಿಯ ಬಾವಿ ಬತ್ತಿ, ಅವನ ತೆಂಗಿನ ಮರಗಳು ಸುಳಿ ಒಣಗಿ ನಿಂತರೆ, ಕೊರೆಸಿದವನಿಗೆ ನಮ್ಮ ಭಾಷೆಯಲ್ಲಿ ಹೆಸರೇ ಇಲ್ಲ. 'ಅವನಿಗೆ ನೀರು ಬಿತ್ತು, ಪುಣ್ಯವಂತ' ಎನ್ನುತ್ತಾರೆ. ಬತ್ತಿದವನನ್ನು 'ಹಣೆಬರಹ' ಎಂದು ಸಂತೈಸುತ್ತಾರೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಬೇಸಾಯದ ಬದುಕಿನಲ್ಲಿ ಇಂದು ಇದಕ್ಕಿಂತ ದೊಡ್ಡ ನೈತಿಕ ಪ್ರಶ್ನೆ ಇನ್ನೊಂದಿಲ್ಲವೆಂದು ನನ್ನ ಭಾವನೆ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಚೌರ್ಯವಾದರೆ, ನೆಲದಡಿಯ ನೀರನ್ನು ನಮಗೆ ಕೊಟ್ಟವರು ಯಾರು?

ಈ ಸೀಮೆ ಮಳೆಯ ವಿಷಯದಲ್ಲಿ ಎಂದೂ ಸಿರಿವಂತವಾಗಿರಲಿಲ್ಲ. ವರ್ಷಕ್ಕೆ ಸುಮಾರು 550ರಿಂದ 600 ಮಿಲಿಮೀಟರ್ ಬಿದ್ದರೆ ಅದೇ ದೊಡ್ಡದು. ಅದೂ ಬೇಕಾದಾಗ ಬೀಳದೆ ಬೇಡವಾದಾಗ ಸುರಿಯುವುದುಂಟು. ಆದುದರಿಂದಲೇ ಇಲ್ಲಿಯ ಹಿರಿಯರು ನೀರನ್ನು ನಂಬಿ ಬದುಕದೆ, ನೀರಿಲ್ಲದಿರುವುದನ್ನೇ ನಂಬಿ ಬದುಕು ಕಟ್ಟಿಕೊಂಡರು. ರಾಗಿ, ಸಜ್ಜೆ, ನವಣೆ, ಹುರುಳಿ, ಹೊಸದುರ್ಗದ ಸಾವೆ, ಬಯಲಿನಲ್ಲಿ ಶೇಂಗಾ, ಎರೆಯಲ್ಲಿ ಹತ್ತಿ. ಬೆಳೆ ಕೈಕೊಟ್ಟ ವರ್ಷಕ್ಕೆ ಆಸರೆಯಾಗಿ ಕುರಿಯ ಹಿಂಡು. ಸಿಕ್ಕ ಮಳೆಯನ್ನು ಹಿಡಿದಿಡಲು ಕೆರೆ. ಚಿತ್ರದುರ್ಗದ ಬೆಟ್ಟದ ಮಗ್ಗುಲಿನ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನದೆನ್ನಲಾದ ಬಂಡೆಶಾಸನವಿದೆ. ನಾಲ್ಕನೆಯ ಶತಮಾನದ ಆ ಪ್ರಾಕೃತ ಬರಹ ಹೇಳುವುದು ಒಂದು ಕೆರೆಯ ವಿಷಯ. ಅರಸನೊಬ್ಬ ಕಲ್ಲಿನ ಮೇಲೆ ತನ್ನ ಹೆಸರು ನಿಲ್ಲಿಸಬೇಕೆಂದಾಗ ಅದನ್ನು ಕೆರೆಯೊಂದಕ್ಕೆ ಜೋಡಿಸಿದನೆಂಬುದು ಈ ನೆಲದ ಗುಣವನ್ನು ತಿಳಿಯಲು ಸಾಕಾದೀತು.

ಕೆರೆಯ ನೀರಿಗೆ ಒಂದು ದೊಡ್ಡ ಗುಣವಿತ್ತು; ಅದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಏರಿಯ ಮೇಲೆ ನಿಂತ ಯಾರಿಗಾದರೂ ನೀರು ಎಷ್ಟಿದೆ, ತೂಬಿನ ಯಾವ ಕಣ್ಣಿನವರೆಗೆ ಇಳಿದಿದೆ, ಈ ಬಾರಿ ಅಚ್ಚುಕಟ್ಟಿನಲ್ಲಿ ಭತ್ತವೋ ಬರಿಯ ರಾಗಿಯೋ ಎಂಬುದು ತಿಳಿಯುತ್ತಿತ್ತು. ತೂಬು ಎತ್ತಿ ಇಳಿಸುವ ಅಧಿಕಾರ ನೀರಗಂಟಿಯದು. ಸರದಿ ತಪ್ಪಿಸಿ ರಾತ್ರಿ ಮಡೆ ಒಡೆದುಕೊಂಡವನು ಬೆಳಗಾಗುವಷ್ಟರಲ್ಲಿ ಸಿಕ್ಕಿಬೀಳುತ್ತಿದ್ದ, ಏಕೆಂದರೆ ಅವನ ಗದ್ದೆಯ ತೇವವೇ ಸಾಕ್ಷಿ ಹೇಳುತ್ತಿತ್ತು. ಹಾಗೆಂದು ಆ ಕಾಲವೇ ಧರ್ಮಯುಗವೆಂದು ಹೇಳಲಾರೆ. ಕೆಳಗಿನ ಕೊನೆಯ ಗದ್ದೆಯವನಿಗೆ ಆಗಲೂ ಅನ್ಯಾಯವಾಗುತ್ತಿತ್ತು, ಕೆಲವು ಜಾತಿಯವರಿಗೆ ಅಚ್ಚುಕಟ್ಟಿನಲ್ಲಿ ಅಂಗೈಯಗಲ ಭೂಮಿಯೂ ಇರಲಿಲ್ಲ. ಆದರೆ ಅನ್ಯಾಯ ಅನ್ಯಾಯವೆಂದು ಕಾಣುತ್ತಿತ್ತು. ತೆರೆದ ಬಾವಿಯಲ್ಲಿಯೂ ಒಂದು ಮಿತಿ ತಾನಾಗಿಯೇ ಇತ್ತು. ಕಪಿಲೆ ಹೊಡೆಯುವ ಎತ್ತು ದಣಿದಾಗ ನೀರೆತ್ತುವುದು ನಿಲ್ಲುತ್ತಿತ್ತು. ಎತ್ತಿನ ಆಯಾಸವೇ ಮನುಷ್ಯನ ಆಸೆಗೆ ಪರಿಮಾಣ ಹಾಕುತ್ತಿತ್ತು.

ಇಲ್ಲಿ ಶ್ರಾವಕಾಚಾರದ ಒಂದು ವಿವರವನ್ನು ಓದುಗರ ಗಮನಕ್ಕೆ ತರಬೇಕು. ಅಚೌರ್ಯವ್ರತವನ್ನು ವಿವರಿಸುವಾಗ ಅಮೃತಚಂದ್ರಾಚಾರ್ಯರು 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ಗೃಹಸ್ಥನಿಗೆ ಒಂದು ಸಡಿಲಿಕೆಯನ್ನು ತೋರಿದ್ದಾರೆ. ಪರರ ಬಾವಿಯ ನೀರು ಮುಂತಾದುವನ್ನು ತೆಗೆದುಕೊಳ್ಳುವುದನ್ನು ಬಿಡಲಾರದವನು ಉಳಿದೆಲ್ಲ ಅದತ್ತ ವಸ್ತುಗಳನ್ನಾದರೂ ಬಿಡಲಿ ಎಂಬುದು ಅಲ್ಲಿಯ ತಾತ್ಪರ್ಯ. ಬಾಯಾರಿದವನು ಬಾವಿಗೆ ಕೊಡ ಇಳಿಸಿದರೆ ಅವನನ್ನು ಕಳ್ಳನೆನ್ನಲಾಗದು ಎಂಬ ಕರುಣೆ ಅದರಲ್ಲಿದೆ. ಆದರೆ ಆ ಸಡಿಲಿಕೆ ಹಗ್ಗ ಮತ್ತು ಕೊಡವನ್ನು ಕಣ್ಣ ಮುಂದಿಟ್ಟುಕೊಂಡು ಹುಟ್ಟಿದ್ದೆಂದು ನಾನು ತಿಳಿಯುತ್ತೇನೆ. ಕೊಡದಿಂದ ಎಷ್ಟು ಸೇದಿದರೂ ನೆರೆಯವನ ಬಾವಿ ಬರಿದಾಗದು. ಹಗಲಿರುಳು ತಿರುಗುವ ಪಂಪಿನ ಕಾಲದಲ್ಲಿಯೂ ಅದೇ ಸಡಿಲಿಕೆ ನಮಗುಂಟು ಎನ್ನುವುದು, ಆಚಾರ್ಯರ ಮಾತನ್ನು ಉಳಿಸಿಕೊಂಡು ಅವರ ಮನಸ್ಸನ್ನು ಕಳೆದುಕೊಂಡಂತೆ.

ಹಾಗಾದರೆ ಕೊಳವೆಬಾವಿ ಕೊರೆಸಿದ ರೈತ ಪಾಪಿಯೇ? ಅಷ್ಟು ಸುಲಭವಾಗಿ ತೀರ್ಪು ಕೊಡುವವರ ಮಾತಿಗೆ ನಾನು ಸೇರಲಾರೆ. ಹೊಳಲ್ಕೆರೆಯ ಅಡಿಕೆ, ಹಿರಿಯೂರಿನ ತೆಂಗು, ಹೊಸದುರ್ಗದ ದಾಳಿಂಬೆ, ಇವು ಬಂದ ಮೇಲೆಯೇ ಎಷ್ಟೋ ಮನೆಗಳು ಮಣ್ಣಿನ ಮಾಳಿಗೆಯಿಂದ ತಾರಸಿಗೆ ಬಂದುವು, ಹೆಣ್ಣುಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದರು. ಹುರುಳಿ ಬೆಳೆಯುತ್ತಿದ್ದವನಿಗೆ ವರ್ಷದ ಕೊನೆಯಲ್ಲಿ ಕೈಯಲ್ಲಿ ನಾಲ್ಕು ಕಾಸು ನಿಂತದ್ದು ಅಡಿಕೆಯಿಂದ. ಭೀಮಸಮುದ್ರದ ಅಡಿಕೆ ವ್ಯಾಪಾರದ ಹಣ ಸುತ್ತಣ ಹಳ್ಳಿಗಳಿಗೆ ಹರಿದಿದೆ. ಬೇಸಾಯದಲ್ಲಿ ಆಗುವ ಹಿಂಸೆಯನ್ನು ಉದ್ಯೋಗೀ ಹಿಂಸೆಯೆಂದು ಕರೆದು, ಗೃಹಸ್ಥನಿಗೆ ಅದು ಪೂರ್ಣವಾಗಿ ತಪ್ಪಿಸಲಾಗದ್ದೆಂದು ನಮ್ಮ ಪರಂಪರೆ ಒಪ್ಪಿದೆ. ಹೊಟ್ಟೆಪಾಡಿಗಾಗಿ ನೆಲ ಅಗೆಯುವವನಿಗೆ, ತಿಂಗಳ ಸಂಬಳವೆಣಿಸುವ ನಾವು ಅಪರಿಗ್ರಹ ಬೋಧಿಸುವುದರಲ್ಲಿ ಏನೋ ಒಂದು ಅಸಹ್ಯವಿದೆ.

ಆದರೂ ನಡೆದದ್ದೇನು? ಇಲ್ಲಿಯ ತಳ ಗಟ್ಟಿಬಂಡೆ. ನೀರು ಇರುವುದು ಬಂಡೆಯ ಬಿರುಕುಗಳಲ್ಲಿ. ಮೇಲಿನ ಮಳೆ ಆಳದ ಬಿರುಕನ್ನು ಮುಟ್ಟಲು ಬಹುಕಾಲ ಬೇಕು. 2008ರಿಂದ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ಉಚಿತವಾಯಿತು; ಎತ್ತು ದಣಿಯುತ್ತಿತ್ತು, ಮೋಟಾರು ದಣಿಯದು, ಬಿಲ್ಲೂ ಬಾರದು. ಒಬ್ಬ ಆಳಕ್ಕೆ ಹೋದರೆ ಪಕ್ಕದವನು ಇನ್ನೂ ಆಳಕ್ಕೆ. ಅಂತರ್ಜಲದ ಸಮೀಕ್ಷೆಗಳು ಜಿಲ್ಲೆಯ ಬಹುಪಾಲು ತಾಲ್ಲೂಕುಗಳನ್ನು ಅತಿಬಳಕೆಯ ಪಟ್ಟಿಗೆ ಸೇರಿಸಿದುವು. ಕಳೆದ ದಶಕದ ಬರಗಾಲದಲ್ಲಿ ಹಿರಿಯೂರಿನ ತೆಂಗಿನ ತೋಟಗಳು ಒಣಗಿ ನಿಂತದ್ದನ್ನೂ, ಹೊಳಲ್ಕೆರೆ ಹೊಸದುರ್ಗಗಳಲ್ಲಿ ಅಡಿಕೆಯ ಬುಡಕ್ಕೆ ಟ್ಯಾಂಕರಿನಲ್ಲಿ ನೀರು ಹೊತ್ತು ಹಾಕಿದ್ದನ್ನೂ ಕಂಡವರು ಮರೆಯಲಾರರು. ಒಂದು ಬಾವಿ ಬತ್ತಿದರೆ ಸಾಲ ಮಾಡಿ ಇನ್ನೊಂದು, ಅದೂ ಹುಸಿಯಾದರೆ ಹೆಂಡತಿಯ ಓಲೆ ಅಡವಿಟ್ಟು ಮೂರನೆಯದು. ತೆಂಗಿನಕಾಯಿ ಅಂಗೈಯಲ್ಲಿಟ್ಟು ನೀರು ತೋರಿಸುವವನ ಮಾತಿನ ಮೇಲೆ ಲಕ್ಷಗಟ್ಟಲೆ ಹಣ ಮಣ್ಣಿನೊಳಗೆ ಇಳಿಯುತ್ತದೆ. ಆಳದ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಮಕ್ಕಳ ಹಲ್ಲು ಕಂದುಗಟ್ಟಿದ ಊರುಗಳೂ ಇವೆ.

ಕಾನೂನು ಈ ವಿಷಯದಲ್ಲಿ ತಡವಾಗಿ ಎಚ್ಚೆತ್ತಿತು. 1882ರ ಅನುಭೋಗದ ಹಕ್ಕುಗಳ ಕಾಯಿದೆ ತನ್ನ ನೆಲದಡಿಯ ನೀರನ್ನು ತೆಗೆಯಲು ಭೂಮಾಲೀಕನಿಗೆ ಹಕ್ಕು ಕೊಟ್ಟಿತ್ತು. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಅನುಮತಿಯಿಲ್ಲದೆ ಬಾವಿ ತೆಗೆಯಬಾರದೆಂದು ಕರ್ನಾಟಕದ 1999ರ ಕಾಯಿದೆ ವಿಧಿಸಿತು. 2011ರ ಕಾಯಿದೆ ಅಧಿಸೂಚಿತ ಪ್ರದೇಶಗಳಲ್ಲಿ ಬಾವಿಗಳಿಗೆ ಅನುಮತಿ, ನೋಂದಣಿಗಳನ್ನು ತಂದಿತು. ರಾತ್ರೋರಾತ್ರಿ ಬಂದು ಬೆಳಗಿಗೆ ಹೊರಟುಹೋಗುವ ರಿಗ್ ಲಾರಿಗೆ ಇವುಗಳ ಭಯ ಎಷ್ಟಿದೆಯೆಂಬುದು ಹಳ್ಳಿಯ ಮಕ್ಕಳಿಗೂ ಗೊತ್ತು.

ನೆಲದ ಗೆರೆಯಂತೆ ನೀರಿಗೆ ಗೆರೆಯಿಲ್ಲ. ನನ್ನ ಹೊಲದ ಮೇಲೆ ಬಿದ್ದ ಮಳೆ ನಿನ್ನ ಹೊಲದಡಿಯ ಬಿರುಕಿಗೆ ಹೋಗುತ್ತದೆ. ಹೀಗಿರುವಾಗ 'ನನ್ನ ನೆಲದಡಿಯ ನೀರು' ಎಂಬ ಮಾತೇ ಪರಿಗ್ರಹದ ಮೊದಲ ಹೆಜ್ಜೆ. ನೆರೆಯವನನ್ನು ಕೆಡಿಸಬೇಕೆಂಬ ಸಂಕಲ್ಪ ಕೊರೆಸುವವನಲ್ಲಿ ಇಲ್ಲ, ನಿಜ. ಆದರೆ ಹಿಂಸೆಗೆ ಸಂಕಲ್ಪವೊಂದೇ ಕಾರಣವಲ್ಲ, ಪ್ರಮಾದವೂ ಕಾರಣವೆಂದು ಒಪ್ಪಿದವರು ನಾವು. ಬಾವಿಗಳು ಒಂದಾದ ಮೇಲೊಂದು ಬತ್ತುವುದನ್ನು ಇಪ್ಪತ್ತು ವರ್ಷ ನೋಡಿದ ಮೇಲೆ 'ನನಗೆ ತಿಳಿದಿರಲಿಲ್ಲ' ಎಂಬ ಮಾತು ಅಜ್ಞಾನವಾಗಿ ಉಳಿಯದೆ ಪ್ರಮಾದವಾಗುತ್ತದೆ.

ದೂರದ ಇಂಡೋನೇಷ್ಯಾದ ಬಾಲಿ ದ್ವೀಪದಲ್ಲಿ ಭತ್ತದ ರೈತರ 'ಸುಬಕ್' ಎಂಬ ಕೂಟಗಳಿವೆ. ಸುಮಾರು ಸಾವಿರ ವರ್ಷಗಳ ಪರಂಪರೆ ಅವುಗಳದು. ಒಂದೇ ಹೊಳೆಯ ನೀರುಣ್ಣುವ ರೈತರು ಜಲದೇಗುಲದಲ್ಲಿ ಸೇರಿ, ಯಾವ ಬಯಲು ಯಾವಾಗ ನಾಟಿ, ಯಾವಾಗ ಬೀಡು ಎಂದು ಒಟ್ಟಾಗಿ ಗೊತ್ತುಮಾಡುತ್ತಾರೆ. 1970ರ ದಶಕದಲ್ಲಿ ಅಲ್ಲಿಯ ಸರ್ಕಾರ ಹೆಚ್ಚು ಇಳುವರಿಯ ಆಸೆಯಿಂದ ಬಿಡುವಿಲ್ಲದೆ ಬೆಳೆಯಿರೆಂದಾಗ, ಆ ಕ್ರಮ ಕೆಟ್ಟು ಕೀಟಗಳ ಹಾವಳಿ ಎದ್ದಿತು. ಸುಬಕ್ ಪದ್ಧತಿಯ ಭೂದೃಶ್ಯವನ್ನು ಯುನೆಸ್ಕೊ 2012ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಬಾಲಿಯವರು ನಮಗಿಂತ ಒಳ್ಳೆಯವರೆಂದು ಇದರ ಅರ್ಥವಲ್ಲ. ಅವರ ನೀರು ಹೊಳೆಯಲ್ಲಿ ಕಣ್ಣೆದುರು ಹರಿಯುತ್ತದೆ. ನಮ್ಮದು ಬಂಡೆಯೊಳಗೆ ಅಡಗಿದೆ.

ಆದುದರಿಂದ ಪರಿಮಾಣವನ್ನು ಆಳದ ಮೇಲೆ ಹಾಕಿದರೆ ಪ್ರಯೋಜನವಿಲ್ಲ, ಬೆಳೆಯ ಮೇಲೆ ಹಾಕಬೇಕು. ಬೆಳೆ ಎಲ್ಲರಿಗೂ ಕಾಣುತ್ತದೆ. ಎಷ್ಟು ಎಕರೆ ಅಡಿಕೆ, ಎಷ್ಟು ತೊಗರಿ ಎಂಬುದನ್ನು ಊರು ಎಣಿಸಬಲ್ಲದು. ಈ ಮಾತಿಗೆ ಸಣ್ಣ ರೈತನ ಒಂದು ಆಕ್ಷೇಪವಿದೆ, ಅದು ಬಲವಾದದ್ದು: 'ಮೊದಲು ಕೊರೆಸಿದವರು ಹತ್ತು ಎಕರೆ ತೋಟ ಮಾಡಿಕೊಂಡರು, ಈಗ ನನ್ನ ಸರದಿ ಬಂದಾಗ ವ್ರತದ ಮಾತೇ?' ಇದಕ್ಕೆ ನನಗೆ ತೋಚುವ ಉತ್ತರ ಒಂದೇ. ಪರಿಮಾಣವ್ರತ ಇದ್ದವನಿಗೆ ಹೇಳಿದ್ದು. ಹತ್ತು ಎಕರೆಯವನು ಎರಡು ಎಕರೆಯನ್ನು ಬೆದ್ದಲಿಗೆ ಬಿಟ್ಟ ದಿನ ಎರಡು ಎಕರೆಯವನ ಮುಂದೆ ಮಾತನಾಡಲು ಅವನಿಗೆ ಬಾಯಿ ಬರುತ್ತದೆ, ಅದಕ್ಕೆ ಮುಂಚೆಯಲ್ಲ.

ಈ ನಡುವೆ ಕಾಣುವ ನೀರು ಮತ್ತೆ ಬಂದಿದೆ. ವೇದಾವತಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನ 1907ರ ಹೊತ್ತಿಗೆ ಕಟ್ಟಿ ಮುಗಿಸಿದ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಭದ್ರೆಯ ನೀರೂ ಬಂದು ಸೇರುವಂತಾಗಿದ್ದರಿಂದ 2025ರ ಜನವರಿಯಲ್ಲಿಯೂ ಕೋಡಿ ಹರಿಯಿತು. ಹಿರಿಯೂರಿನವರು ಬಾಗಿನ ಅರ್ಪಿಸಿ ಹಿಗ್ಗಿದಾಗ, ಹಿನ್ನೀರು ಹೊಸದುರ್ಗದ ಕಡೆಯ ಕೆಲವರ ತೋಟಗಳಿಗೆ ನುಗ್ಗಿತು. ಒಬ್ಬರ ಸಮೃದ್ಧಿ ಇನ್ನೊಬ್ಬರ ಅಂಗಳಕ್ಕೆ ಬರುವ ಬಗೆ ಹೀಗೂ ಇದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ 367 ಕೆರೆಗಳನ್ನು ಅರ್ಧದಷ್ಟು ತುಂಬಿಸುವ ಉದ್ದೇಶವಿದೆ. ಕೆರೆ ತುಂಬಿದಲ್ಲಿ ಸುತ್ತಣ ಕೊಳವೆಬಾವಿಗಳಿಗೆ ಜೀವ ಬರುತ್ತದೆ; ಏರಿಯ ಕೆಳಗಿನ ತೋಟದವನು ಮೋಟಾರು ಹಾಕಿದರೆ ಆ ನೀರು ಅವನ ಅಡಿಕೆಗೆ ಹೋಗುತ್ತದೆ. ಬಾವಿಯೂ ಇಲ್ಲದ, ನೆಲವೂ ಇಲ್ಲದ ಕುರಿಗಾಹಿಗೆ ಕೆರೆಯ ಅಂಗಳದ ನೀರೇ ಬೇಕು. ಮಾರ್ಚಿ ಕಳೆದು ಅವನು ಹಿಂಡು ಹೊಡೆದುಕೊಂಡು ಬರುವ ಹೊತ್ತಿಗೆ ಆ ಅಂಗಳದಲ್ಲಿ ಕುರಿಯ ಬಾಯಿ ಮುಳುಗುವಷ್ಟು ನೀರನ್ನು ಉಳಿಸುವ ಹೊಣೆ ಯಾರದೆಂದು ಯಾವ ಊರಿನಲ್ಲಿ ಗೊತ್ತುಮಾಡಿದ್ದಾರೆ?