ಬಸ್ಸಿನ ಹೊತ್ತು, ಊಟದ ಹೊತ್ತು

ಸಿರಸಿ, ಸಿದ್ದಾಪುರ, ಯಲ್ಲಾಪುರದ ಒಳಹಳ್ಳಿಗಳಿಂದ ಕಾಲೇಜಿಗೆ ಬರುವ ಮಕ್ಕಳ ದಿನವನ್ನು ಆಳುವುದು ವಸ್ತಿ ಬಸ್ಸು. ರಾತ್ರಿ ಊರಿಗೆ ಬಂದು ತಂಗುವ ಆ ಬಸ್ಸು ಬೆಳಗ್ಗೆ ಆರೂವರೆಗೋ ಏಳಕ್ಕೋ ಹೊರಟರೆ ಮತ್ತೊಂದು ಬರುವುದು ಯಾವಾಗಲೋ. ಅದನ್ನು ತಪ್ಪಿಸಿಕೊಂಡರೆ ಮೊದಲ ಪೀರಿಯಡ್ಡು ಹೋಯಿತು, ಮಳೆಗಾಲದಲ್ಲಾದರೆ ಇಡೀ ದಿನವೇ ಹೋಯಿತು. ಅಷ್ಟು ಹೊತ್ತಿಗೆ ಒಲೆಯ ಮೇಲೆ ಕಾವಲಿ ಕಾದಿರುತ್ತದೆ, ಮೊದಲ ದೋಸೆ ಎದ್ದಿರುತ್ತದೆ, ಪಕ್ಕದಲ್ಲಿ ಜೋನಿಬೆಲ್ಲದ ಬಟ್ಟಲೂ ಇರುತ್ತದೆ. “ಒಂದು ದೋಸೆನಾದ್ರೂ ತಿಂದ್ಕಂಡು ಹೋಗೇ ತಂಗಿ” ಎಂದು ಆಯಿ ಒಳಗಿಂದ ಕೂಗುತ್ತಾಳೆ. “ಬ್ಯಾಡ ಆಯಿ, ಬಸ್ಸು ಬಂತು” ಎಂಬ ಉತ್ತರ ಬರುವಷ್ಟರಲ್ಲಿ ಮಗಳು ಅಂಗಳ ದಾಟಿ ದಣಪೆಯ ಹತ್ತಿರ ಹೋಗಿರುತ್ತಾಳೆ.

ಬಿಟ್ಟ ತಿಂಡಿಯ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಹನ್ನೊಂದಕ್ಕೆ ಹೊಟ್ಟೆ ಚುರುಗುಟ್ಟಿದಾಗ ಒಂದು ಚಾ, ಒಂದು ಬನ್ಸು. ಮಧ್ಯಾಹ್ನ ಡಬ್ಬಿಯಲ್ಲಿ ತಣ್ಣಗಾದ ಅನ್ನವನ್ನು ಅರ್ಧ ತಿಂದು ಮುಚ್ಚಿಡುವುದು. ಸಂಜೆ ಬಸ್ಸು ಕಾಯುತ್ತ ಗೋಬಿ ಮಂಚೂರಿಯನ್ನೋ ಖಾರದ ಪ್ಯಾಕೆಟ್ಟನ್ನೋ ನಾಲ್ಕು ಜನ ಹಂಚಿಕೊಳ್ಳುವುದು. ಮನೆ ಮುಟ್ಟಿದ ಮೇಲೆ ದಿನದ ಹಸಿವೆಲ್ಲ ಒಟ್ಟಿಗೆ ಎದ್ದು, ಹೊಟ್ಟೆ ಬಿರಿಯುವಷ್ಟು ಉಂಡು, ಪುಸ್ತಕ ಹಿಡಿದರೆ ಕಣ್ಣು ಎಳೆಯುವುದು. ಇಂಟರ್ನಲ್ಸ್ ಹತ್ತಿರ ಬಂದಾಗ ಇದೇ ಕ್ರಮ ಇನ್ನಷ್ಟು ಕೆಡುತ್ತದೆ. ರಾತ್ರಿ ನಿದ್ದೆ ತಡೆಯಲು ಮತ್ತೊಂದು ಚಾ, ಬೆಳಗ್ಗೆ ಏಳಲು ತಡ, ಮತ್ತೆ ಖಾಲಿ ಹೊಟ್ಟೆಯಲ್ಲಿ ಬಸ್ಸಿಗೆ ಓಟ.

ಇಂಥ ಮಕ್ಕಳಿಗೆ ನಾವು ಹಿರಿಯರು ಕೊಡುವ ಸಲಹೆ ಒಂದೇ: ಮನಸ್ಸು ಗಟ್ಟಿ ಮಾಡಿಕೋ, ಟೆನ್ಷನ್ ಮಾಡಿಕೊಳ್ಳಬೇಡ. ಈ ಮಾತಿನಿಂದ ಯಾರ ಟೆನ್ಷನ್ನೂ ಕಡಿಮೆಯಾದದ್ದನ್ನು ನಾನು ಕಂಡಿಲ್ಲ. ಒತ್ತಡ ಬಂದಾಗ ವಿದ್ಯಾರ್ಥಿ ಮೊದಲು ಕೈಬಿಡುವುದು ಊಟದ ಹೊತ್ತನ್ನು. ಹಾಗಾಗಿ ಮೊದಲು ಕಾಪಾಡಿಕೊಳ್ಳಬೇಕಾದದ್ದೂ ಅದನ್ನೇ ಎಂಬುದು ನನ್ನ ಗಟ್ಟಿ ನಂಬಿಕೆ. ಏನು ತಿನ್ನಬೇಕು ಎಂಬ ಚರ್ಚೆ ಆಮೇಲಿನದು.

ಕಾಲೇಜು ವಿದ್ಯಾರ್ಥಿಗಳ ಒತ್ತಡ ಮತ್ತು ಆಹಾರದ ಅಭ್ಯಾಸ ಸ್ನಾತಕೋತ್ತರ ಸಂಶೋಧಕರಿಗೆ ಎಂದೂ ಬತ್ತದ ವಿಷಯ. ನಮ್ಮ ಸಿರಸಿಯ ಅರಣ್ಯ ಮಹಾವಿದ್ಯಾಲಯ ಸೇರಿರುವ ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲೇ ಸಮುದಾಯ ವಿಜ್ಞಾನ ಮಹಾವಿದ್ಯಾಲಯವಿದೆ. ಹಿಂದೆ ಅದನ್ನು ಗ್ರಾಮೀಣ ಗೃಹವಿಜ್ಞಾನ ಮಹಾವಿದ್ಯಾಲಯ ಎನ್ನುತ್ತಿದ್ದರು. ಅಲ್ಲಿನ ಆಹಾರ ಮತ್ತು ಪೋಷಣೆ, ಮಾನವ ಅಭಿವೃದ್ಧಿ ವಿಭಾಗಗಳ ಎಂ.ಎಸ್ಸಿ. ವಿದ್ಯಾರ್ಥಿಗಳು ಹದಿಹರೆಯದವರ ಊಟ, ತೂಕ, ಆತಂಕಗಳ ಮೇಲೆ ಪ್ರಬಂಧ ಬರೆಯುತ್ತಾರೆ. ಇಂಥ ಕೆಲಸಕ್ಕೆ ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಅಳತೆಗೋಲುಗಳಿವೆ. ಅಮೆರಿಕದ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಒತ್ತಡದ ಪ್ರಶ್ನಾವಳಿ ನಿಮಗೆ ಎಷ್ಟು ಕಷ್ಟಗಳಿವೆ ಎಂದು ಲೆಕ್ಕ ಕೇಳುವುದಿಲ್ಲ. ಕಳೆದ ಒಂದು ತಿಂಗಳಲ್ಲಿ ಬದುಕು ಕೈತಪ್ಪಿ ಹೋಗುತ್ತಿದೆ ಎಂದು ಎಷ್ಟು ಸಲ ಅನಿಸಿತು ಎಂದು ಕೇಳುತ್ತದೆ. 1986ರಲ್ಲಿ ನೆದರ್ಲ್ಯಾಂಡ್ಸಿನಲ್ಲಿ ಸಿದ್ಧವಾದ 33 ಪ್ರಶ್ನೆಗಳ ಇನ್ನೊಂದು ಪಟ್ಟಿ ತಿನ್ನುವ ರೀತಿಯನ್ನು ಮೂರಾಗಿ ವಿಂಗಡಿಸುತ್ತದೆ: ಬೇಸರ-ಆತಂಕಕ್ಕೆ ತಿನ್ನುವುದು, ಕಣ್ಣಿಗೆ ಕಂಡಿತು, ಮೂಗಿಗೆ ಬಡಿಯಿತು ಎಂದು ತಿನ್ನುವುದು, ದಪ್ಪಗಾಗುತ್ತೇನೆಂದು ಹಿಡಿದು ಹಿಡಿದು ತಿನ್ನುವುದು. ಹಸಿವಾಗಿ ತಿನ್ನುವುದು ಈ ಮೂರರಲ್ಲಿ ಯಾವುದೂ ಅಲ್ಲ. ಆ ಪಟ್ಟಿಯನ್ನು ಓದುವಾಗ ಪ್ರತಿಯೊಬ್ಬ ವಿದ್ಯಾರ್ಥಿಗೂ ತನ್ನ ಸಂಜೆಗಳು ನೆನಪಾಗುತ್ತವೆ.

ಒತ್ತಡದಲ್ಲಿ ಒಬ್ಬರಿಗೆ ಊಟ ಸೇರುವುದಿಲ್ಲ, ಇನ್ನೊಬ್ಬರಿಗೆ ತಿಂದಷ್ಟೂ ಸಾಲದು. ಒಬ್ಬರಲ್ಲೇ ಇವೆರಡೂ ಇರಬಹುದು. ತಟ್ಟನೆ ಬಂದ ಭಯ ಹಸಿವನ್ನು ಅಡಗಿಸುತ್ತದೆ. ವೈವಾ ಕೋಣೆಯ ಹೊರಗೆ ಸಾಲಿನಲ್ಲಿ ನಿಂತವನಿಗೆ ತುತ್ತು ಗಂಟಲಲ್ಲಿ ಇಳಿಯದಿರುವುದು ಇದರಿಂದಲೇ. ಆದರೆ ದಿನಗಟ್ಟಲೆ, ವಾರಗಟ್ಟಲೆ ಎಳೆಯುವ ಒತ್ತಡದ ನಡೆ ಬೇರೆ. ಕಾರ್ಟಿಸೋಲ್ ಎಂಬ ಹಾರ್ಮೋನು ಇಳಿಯದೆ ನಿಂತಾಗ ದೇಹ ಸಿಹಿಯನ್ನೂ ಕರಿದದ್ದನ್ನೂ ಕೇಳತೊಡಗುತ್ತದೆ. ಅವನ್ನು ತಿಂದರೆ ಮನಸ್ಸಿಗೆ ಸ್ವಲ್ಪ ಹೊತ್ತು ಸಮಾಧಾನವೂ ಸಿಗುತ್ತದೆ, ಆದ್ದರಿಂದಲೇ ಕೈ ಮತ್ತೆ ಅತ್ತ ಹೋಗುತ್ತದೆ. ಬೆಳಗ್ಗೆ ದೋಸೆ ಬೇಡವೆಂದವಳೇ ಸಂಜೆ ಮಂಚೂರಿಯ ಮುಂದೆ ನಿಂತರೆ ಅದು ಅವಳ ನಾಲಿಗೆಯ ಚಪಲವೆಂದು ಬೈಯುವುದು ಅನ್ಯಾಯ.

ಈ ವಿಷಯದಲ್ಲಿ ನನ್ನ ಮನಸ್ಸಿನಲ್ಲಿ ಉಳಿದಿರುವ ಪ್ರಯೋಗವೊಂದಿದೆ. ಅಮೆರಿಕದ ಓಹಾಯೋದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನ ಅದು. ದಂತವೈದ್ಯಕೀಯ ಓದುತ್ತಿದ್ದ 11 ವಿದ್ಯಾರ್ಥಿಗಳು ತಮ್ಮ ಬಾಯಿಯ ಅಂಗುಳದಲ್ಲಿ ಮೂರೂವರೆ ಮಿಲಿಮೀಟರಿನ ಪುಟ್ಟ ಗಾಯ ಮಾಡಿಸಿಕೊಳ್ಳಲು ಒಪ್ಪಿದರು. ಮೊದಲನೆಯದು ಬೇಸಿಗೆ ರಜೆಯಲ್ಲಿ, ಎರಡನೆಯದು ಆ ಅವಧಿಯ ಮೊದಲ ದೊಡ್ಡ ಪರೀಕ್ಷೆಗೆ ಮೂರು ದಿನ ಮುಂಚೆ. ಅದೇ ಬಾಯಿ, ಅಷ್ಟೇ ಗಾತ್ರದ ಗಾಯ. ಪರೀಕ್ಷೆಯ ಹೊತ್ತಿನ ಗಾಯ ಮಾಯಲು ಸರಾಸರಿ ಮೂರು ದಿನ, ಅಂದರೆ ಶೇ. 40ರಷ್ಟು ಹೆಚ್ಚು ಕಾಲ ಹಿಡಿಯಿತು. ಪರೀಕ್ಷೆಯ ಸಮಯದಲ್ಲಿ ರಜೆಯಷ್ಟು ಬೇಗ ವಾಸಿಯಾದವರು ಆ ಹನ್ನೊಂದು ಜನರಲ್ಲಿ ಒಬ್ಬರೂ ಇರಲಿಲ್ಲ. ಇವರು ಪರೀಕ್ಷೆಗಳಲ್ಲಿ ಪಳಗಿದ ಬುದ್ಧಿವಂತ ಮಕ್ಕಳು. ಅವರೂ ‘ನನಗೇನೂ ಆಗಿಲ್ಲ’ ಎಂದುಕೊಂಡಿರಬಹುದು, ಆದರೆ ಬಾಯಿಯ ಒಳಚರ್ಮ ಬೇರೆಯದನ್ನೇ ಹೇಳಿತು. ಸೆಮಿಸ್ಟರ್ ಪರೀಕ್ಷೆಯ ವಾರದಲ್ಲೇ ನೆಗಡಿ, ಬಾಯಿಹುಣ್ಣು, ಹೊಟ್ಟೆ ತೊಳಸುವುದು ಶುರುವಾಗುವ ಮಕ್ಕಳನ್ನು ‘ನೆಪ ಹೇಳುತ್ತಾರೆ’ ಎನ್ನುವ ಮುಂಚೆ ಈ ಗಾಯವನ್ನು ನೆನೆಯಬೇಕು.

ನಿದ್ದೆಯೂ ಇದೇ ಲೆಕ್ಕಕ್ಕೆ ಸೇರಿದ್ದು. ಷಿಕಾಗೋ ವಿಶ್ವವಿದ್ಯಾಲಯದವರು 12 ಆರೋಗ್ಯವಂತ ಯುವಕರನ್ನು ಎರಡು ರಾತ್ರಿ ತಲಾ ನಾಲ್ಕೇ ಗಂಟೆ ಮಲಗಿಸಿ ನೋಡಿದರು. ಹೊಟ್ಟೆ ತುಂಬಿತೆಂದು ಹೇಳುವ ಲೆಪ್ಟಿನ್ ಶೇ. 18ರಷ್ಟು ಇಳಿದಿತ್ತು, ಹಸಿವು ಹುಟ್ಟಿಸುವ ಗ್ರೆಲಿನ್ ಶೇ. 28ರಷ್ಟು ಏರಿತ್ತು. 2004ರಲ್ಲಿ ಪ್ರಕಟವಾದ ಫಲಿತಾಂಶವಿದು. ರಾತ್ರಿ ಎರಡರವರೆಗೆ ಓದಿದವನಿಗೆ ಮರುದಿನ ಸಿಹಿ-ಕರಿದದ್ದು ಎಳೆಯುವುದು ಅವನ ಹಣೆಬರಹವೇನೂ ಅಲ್ಲ. ಸಂಜೆ ಏಳಕ್ಕೆ ಕುಡಿದ ಚಾದ ಕೆಫೀನಿನಲ್ಲಿ ಅರ್ಧದಷ್ಟು ಮಧ್ಯರಾತ್ರಿಯಲ್ಲೂ ಮೈಯಲ್ಲಿರುತ್ತದೆ. ರಾತ್ರಿ ಓದುವವರಿಗೆ ಕೊತ್ತಂಬರಿ-ಜೀರಿಗೆಯ ಕಷಾಯ ಸಾಕು. ಅದು ಮನೆಮನೆಯಲ್ಲೂ ಇದೆ, ನಿದ್ದೆಗೂ ಅಡ್ಡಿಯಿಲ್ಲ.

ಹೆಣ್ಣುಮಕ್ಕಳ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57 ಜನರಿಗೆ ರಕ್ತಹೀನತೆಯಿದೆ. ಕರ್ನಾಟಕದಲ್ಲಿ ಅದು ಶೇ. 47.8. ಅಂದರೆ ಬಸ್ಸಿನಲ್ಲಿ ಕೂತ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರ ರಕ್ತದಲ್ಲಿ ಕಬ್ಬಿಣಾಂಶದ ಕೊರತೆಯೋ ಮತ್ತೊಂದೋ ಕಾಡುತ್ತಿರಬಹುದು. ಮೆಟ್ಟಿಲು ಹತ್ತಿದರೆ ಏದುಸಿರು, ಪುಸ್ತಕ ಹಿಡಿದರೆ ತಲೆ ಸುತ್ತು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು. ಇವನ್ನು ಅವಳು ‘ಟೆನ್ಷನ್’ ಎಂದುಕೊಳ್ಳುತ್ತಾಳೆ, ಮನೆಯವರು ‘ಮೈಗಳ್ಳತನ’ ಎನ್ನುತ್ತಾರೆ. ತಾಲೂಕು ಆಸ್ಪತ್ರೆಯಲ್ಲಿ ಒಂದು ಹನಿ ರಕ್ತ ಕೊಟ್ಟು ಹಿಮೋಗ್ಲೋಬಿನ್ ನೋಡಿಸಿದರೆ ಸಂಶಯ ಪರಿಹಾರ. ಡೆಸಿಲೀಟರಿಗೆ 12 ಗ್ರಾಮಿಗಿಂತ ಕೆಳಗಿದ್ದರೆ ಅದು ರಕ್ತಹೀನತೆ, ವೈದ್ಯರು ಹೇಳಿದಂತೆ ಮಾತ್ರೆ ಬೇಕು. ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ಊಟಕ್ಕೆ ಒಂದು ಗಂಟೆ ಮೊದಲೂ ಒಂದು ಗಂಟೆ ನಂತರವೂ ಚಾ-ಕಾಫಿ ಬೇಡ ಎಂಬ ಮಾತಿದೆ. ಚಾದಲ್ಲಿರುವ ಟ್ಯಾನಿನ್ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಸೊಪ್ಪಿನ ಪಲ್ಯಕ್ಕೆ ಲಿಂಬೆ ಹಿಂಡಿದರೆ, ಜೊತೆಗೆ ಒಂದು ನೆಲ್ಲಿಕಾಯಿ ಕಚ್ಚಿದರೆ ಅದೇ ಕಬ್ಬಿಣಾಂಶ ಹೆಚ್ಚು ಹತ್ತುತ್ತದೆ. ನಮ್ಮ ಊಟದಲ್ಲಿ ಹುಳಿಗೇನು ಕೊರತೆ! ಕೊರತೆಯಾಗಿರುವುದು ಕೂತು ಉಣ್ಣುವ ಹೊತ್ತಿಗೆ.

ಎಲ್ಲರಿಗೂ ಮನೆಯ ಒಲೆ ಹತ್ತಿರವಿಲ್ಲ ಎಂಬುದೂ ನಿಜ. ಯಲ್ಲಾಪುರದ ಕಾಡಂಚಿನ ಊರುಗಳಿಂದ ಹಾಸ್ಟೆಲಿಗೆ ಬಂದವರಲ್ಲಿ ಮನೆಯಿಂದ ಡಿಗ್ರಿ ಮೆಟ್ಟಿಲು ಹತ್ತಿದ ಮೊದಲಿಗರಿದ್ದಾರೆ. ಅವರಲ್ಲಿ ಸಿದ್ದಿ ಸಮುದಾಯದವರೂ ಇದ್ದಾರೆ; ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದೇ 2003ರಲ್ಲಿ. ಹೀಗೆ ಮೊದಲಿಗರಾಗಿ ಬಂದವರ ತಲೆಯ ಮೇಲೆ ಪರೀಕ್ಷೆಯ ಜೊತೆಗೆ ಮನೆಯವರೆಲ್ಲರ ಆಸೆಯ ಭಾರವೂ ಇರುತ್ತದೆ. ಹಾಸ್ಟೆಲ್ ಸಿಗದೆ ರೂಮು ಮಾಡಿದ ಹಿಂದುಳಿದ ವರ್ಗದ ಮಕ್ಕಳಿಗಾಗಿ ವಿದ್ಯಾಸಿರಿ ಯೋಜನೆ ಶುರುವಾದಾಗ ಊಟ-ವಸತಿ ಎರಡಕ್ಕೂ ಸೇರಿ ತಿಂಗಳಿಗೆ 1,500 ರೂಪಾಯಿ ಕೊಡುತ್ತಿದ್ದರು. ದಿನಕ್ಕೆ 50 ರೂಪಾಯಿ. ಇಂಥ ಲೆಕ್ಕದಲ್ಲಿ ಬದುಕುವವರಿಗೆ ಬಾದಾಮಿ, ಓಟ್ಸ್ ತಿನ್ನಿ ಎನ್ನುವ ಲೇಖನಗಳನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅವಲಕ್ಕಿ-ಮೊಸರು, ಒಂದು ಹಿಡಿ ಶೇಂಗಾ, ರಾತ್ರಿ ನೆನೆಹಾಕಿದ ಹೆಸರುಕಾಳು, ಬಾಳೆಹಣ್ಣು, ಒಪ್ಪುವವರಿಗೆ ಬೇಯಿಸಿದ ಮೊಟ್ಟೆ. ರೂಮಿನಲ್ಲಿ ಗ್ಯಾಸ್ ಇಲ್ಲದವರಿಗೂ ಇವುಗಳಲ್ಲಿ ಎರಡಾದರೂ ಸಾಧ್ಯ. ಅಂಗಳದಂಚಿನ ಒಂದೆಲಗವನ್ನು ಕಾಯಿತುರಿಯೊಂದಿಗೆ ಬೀಸಿ ಮಜ್ಜಿಗೆಗೆ ಕಲಸಿದರೆ ತಂಬುಳಿ. ಊರಿಗೆ ಹೋದವರು ಸೊಪ್ಪು ತಂದರೆ ರೂಮಿನವರಿಗೆಲ್ಲ ಒಂದು ಹೊತ್ತಿನ ಊಟ ಸುಧಾರಿಸುತ್ತದೆ.

ತಂಬಾಕಿನ ಮಾತನ್ನು ಬಿಡುವಂತಿಲ್ಲ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು, ಆದರೆ ಪಾನ್ ಮಸಾಲೆಯೂ ತಂಬಾಕೂ ಬೇರೆ ಬೇರೆ ಚೀಟಿಯಲ್ಲಿ ಬಂದವು. ಪರೀಕ್ಷೆಯ ಟೆನ್ಷನ್ನಿಗೆಂದು ಶುರುವಾದ ಚೀಟಿ ಪರೀಕ್ಷೆ ಮುಗಿದ ಮೇಲೆ ನಿಲ್ಲುವುದಿಲ್ಲ. ಜೊತೆಗೆ ಅದು ಹಸಿವನ್ನೂ ಕೊಲ್ಲುತ್ತದೆ.

ಹಾಗಾದರೆ ಅಭ್ಯಾಸವನ್ನು ಬದಲಿಸುವುದು ಹೇಗೆ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿದರು. ಪ್ರತಿಯೊಬ್ಬರೂ ಒಂದೇ ಒಂದು ಸಣ್ಣ ಕೆಲಸವನ್ನು ದಿನದ ಒಂದು ನಿಶ್ಚಿತ ಸಂದರ್ಭಕ್ಕೆ ಕಟ್ಟಿಹಾಕಬೇಕಿತ್ತು. ಮಧ್ಯಾಹ್ನದ ಊಟದ ಜೊತೆ ಒಂದು ಹಣ್ಣು, ಅಥವಾ ರಾತ್ರಿ ಊಟಕ್ಕೆ ಮೊದಲು ಹದಿನೈದು ನಿಮಿಷ ಓಟ. ಯೋಚಿಸದೆ ಕೈ ತಾನಾಗಿ ಆ ಕೆಲಸಕ್ಕೆ ಹೋಗುವ ಮಟ್ಟ ಮುಟ್ಟಲು ನಡುಮಟ್ಟದ ಲೆಕ್ಕದಲ್ಲಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕಾದೀತೆಂದು ಲೆಕ್ಕ ಸಿಕ್ಕಿತು. 21 ದಿನದಲ್ಲಿ ಅಭ್ಯಾಸವಾಗುತ್ತದೆ ಎಂದು ಭಾಷಣ ಮಾಡುವವರು ಇದನ್ನು ಓದಬೇಕು. ನನಗೆ ಇದಕ್ಕಿಂತ ಮುಖ್ಯವೆನಿಸಿದ್ದು ಇನ್ನೊಂದು ಅಂಶ: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕಟ್ಟುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬಿದ್ದಿರಲಿಲ್ಲ. ಸೋಮವಾರ ತಪ್ಪಿತೆಂದು ವಾರವನ್ನೇ ಬಿಟ್ಟುಬಿಡುವ ಮಕ್ಕಳಿಗೆ ಇದನ್ನು ಕೂಗಿ ಹೇಳಬೇಕು.

ನಮ್ಮ ಮಕ್ಕಳ ದಿನದಲ್ಲಿ ತಪ್ಪದೆ ಬರುವ ಸಂದರ್ಭವೆಂದರೆ ಬಸ್ಸೇ. ತಿಂಡಿಯನ್ನು ಅದಕ್ಕೇ ಕಟ್ಟಬೇಕು. ದೋಸೆಯ ಎರಡು ಸುರುಳಿಯನ್ನು ಬಾಳೆಲೆಯಲ್ಲಿ ಸುತ್ತಿ ಚೀಲದ ಹೊರಖಾನೆಗೆ ಹಾಕುವುದು ರಾತ್ರಿಯೇ ಮಾತಾಗಿರಲಿ. ಸೀಟು ಸಿಕ್ಕು ಕಂಡಕ್ಟರಿಗೆ ಪಾಸು ತೋರಿಸಿದ ಮೇಲೆ ಮೊಬೈಲ್ ತೆಗೆಯುವ ಮೊದಲು ಬಾಳೆಲೆ ಬಿಚ್ಚುವುದು. ತಿರುವಿನ ರಸ್ತೆಯಲ್ಲಿ ಹೊಟ್ಟೆ ತೊಳಸುವವರು ನಿಲ್ದಾಣದಲ್ಲಿ ಇಳಿದೊಡನೆ ಬೆಂಚಿನ ಮೇಲೆ ಹತ್ತು ನಿಮಿಷ ಕೂರಲಿ, ಕಾಲೇಜಿನ ದಾರಿ ಹಿಡಿಯುವುದು ಆಮೇಲೆ. ಒಂದು ಸೆಮಿಸ್ಟರಿಗೆ ಇದೊಂದೇ ಸಾಕು. ವ್ಯಾಯಾಮ, ಧ್ಯಾನ, ಡಯಟ್ ಎಲ್ಲವನ್ನೂ ಒಟ್ಟಿಗೆ ಹೊತ್ತವರು ಎಲ್ಲವನ್ನೂ ಒಟ್ಟಿಗೇ ಇಳಿಸುತ್ತಾರೆ. ಊಟದ ಹೊತ್ತನ್ನು ಮನೆಯವರೂ ಕಾಯಬೇಕು. ಅಡಿಕೆಯ ಕೊನೆಕೊಯ್ಲಿನ ಕಾಲದಲ್ಲಿ ಮನೆಯಲ್ಲಿ ರಾತ್ರಿಯೆಲ್ಲ ಸುಲಿಯುವ ಕೆಲಸ. ಮಕ್ಕಳೂ ಕೈಜೋಡಿಸುತ್ತಾರೆ, ಜೋಡಿಸಲೂ ಬೇಕು. ಆದರೆ ಪರೀಕ್ಷೆ ಅದೇ ಹೊತ್ತಿಗೆ ಬಿದ್ದರೆ ಅಪ್ಪ-ಆಯಿ ಎರಡು ವಾರದ ಮಟ್ಟಿಗೆ ಅವರನ್ನು ಬಿಟ್ಟು, ಎಂಟೂವರೆಗೆ ಬಡಿಸಿಬಿಡಲಿ.

ಹೊತ್ತಿಗೆ ಉಂಡರೂ ನೀಗದ ಒತ್ತಡಗಳೂ ಇವೆ. ಎರಡು ವಾರ ಕಳೆದರೂ ಊಟ ಸೇರದಿದ್ದರೆ, ನಿದ್ದೆ ಹತ್ತದಿದ್ದರೆ, ತಿಂದದ್ದನ್ನು ಬೇಕೆಂದೇ ವಾಂತಿ ಮಾಡುತ್ತಿದ್ದರೆ, ಬದುಕೇ ಬೇಡವೆನಿಸಿದರೆ ಅದು ವೈದ್ಯರ ಹತ್ತಿರ ಒಯ್ಯಬೇಕಾದ ಸಂಗತಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416. ದಿನದ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆ ಹಾಸ್ಟೆಲಿನ ಊಟದ ಕೋಣೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆದಿರಬೇಕು.

ಇನ್ನುಳಿದದ್ದು ಕಾಲೇಜುಗಳ ಕೈಯಲ್ಲಿದೆ. ಇಂಟರ್ನಲ್ ಪರೀಕ್ಷೆಯನ್ನು ಊಟದ ಬಿಡುವಿಗೆ ಒತ್ತರಿಸಬೇಡಿ. ಕ್ಯಾಂಟೀನು ಮೊದಲ ಬಸ್ಸಿನವರು ಬರುವ ಹೊತ್ತಿಗೆ ತೆರೆದಿರಲಿ, ಅಲ್ಲಿ ಬಿಸಿ ಅವಲಕ್ಕಿಯೋ ಇಡ್ಲಿಯೋ ಕಡಿಮೆ ದರಕ್ಕೆ ಸಿಗಲಿ. ಡಬ್ಬಿ ತಂದವರಿಗೆ ಕೈತೊಳೆಯಲು ನೀರು, ಕೂರಲು ಒಂದು ಕೋಣೆ ಇರಲಿ. ವರ್ಷದ ಆರಂಭದಲ್ಲಿ ವೇಳಾಪಟ್ಟಿ ಬರೆಯಲು ಕೂರುವ ಉಪನ್ಯಾಸಕರು ಬಸ್ ಡಿಪೋದ ವೇಳಾಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಲಿ. ಕೊನೆಯ ಪೀರಿಯಡ್ಡು ಇಪ್ಪತ್ತು ನಿಮಿಷ ಮುಂಚೆ ಮುಗಿದರೆ ಎಷ್ಟು ಊರುಗಳ ಮಕ್ಕಳು ಒಂದು ಬಸ್ಸು ಮೊದಲೇ ಮನೆ ಮುಟ್ಟುತ್ತಾರೆಂದು ಅವರೇ ಕೂತು ಲೆಕ್ಕ ಹಾಕಲಿ.